ಒಂದು ಹನಿಯೂ ಒಳಗಿಳಿಯದಂತೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹಲ್ಲಿನ ಕ್ಲಿನಿಕ್ಕಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ತಲೆವಸ್ತ್ರ ಬಿಗಿದ ಹೆಂಗಸೊಬ್ಬಳು ನೀರು ತುಂಬಿದ ಲೋಟಕ್ಕೆ ತೆಳ್ಳನೆಯ ಪೈಪಿನ ತುದಿ ಅದ್ದುತ್ತಾಳೆ. ಸೊರ್ರೆಂದು ಲೋಟ ಖಾಲಿ. ತುದಿ ಬದಲಿಸಿ ಇನ್ನೊಂದು ಲೋಟ ಹಿಡಿಯುತ್ತಾಳೆ. ರಂಜಾನಿನ ರೋಜಾ ಉಪವಾಸ ಹಿಡಿದು ತಾನು ಹಗಲಿಡೀ ಹನಿ ನೀರೂ ಮುಟ್ಟದ ತಿಂಗಳಲ್ಲಿ ಯಂತ್ರಕ್ಕೆ ಲೋಟಗಟ್ಟಲೆ ಕುಡಿಸಿ ಪರೀಕ್ಷಿಸುವುದು ಈಕೆಯ ದಿನದ ಮೊದಲ ಕೆಲಸ.

ಬೀದಿಯವರ ಬಾಯಲ್ಲಿ ಈಕೆ ಪೈಪಕ್ಕ. ಡಾಕ್ಟರಮ್ಮ ಹಲ್ಲು ಕೊರೆಯುವಾಗ ಯಂತ್ರ ನೀರು ಚಿಮ್ಮಿಸುತ್ತದೆ. ಆ ನೀರನ್ನು, ಎಂಜಲನ್ನು, ರಕ್ತವನ್ನು ಗಂಟಲಿಗೆ ಇಳಿಯುವ ಮುಂಚೆಯೇ ಎಳೆದುಬಿಡಬೇಕು. ಉಳಿದ ತಿಂಗಳುಗಳಲ್ಲಿ ಇದೊಂದು ಸಹಾಯದ ಕೆಲಸ. ಉಪವಾಸದ ತಿಂಗಳಲ್ಲಿ ಮಾತ್ರ ಕುರ್ಚಿಯ ಮೇಲಿನವರ ಕಣ್ಣೆಲ್ಲ ಪೈಪಿನ ಮೇಲೆಯೇ.

"ಡಾಕ್ಟರಮ್ಮ ಹಲ್ಲು ನೋಡ್ತಾರೆ, ನಾನು ಗಂಟಲು ನೋಡ್ತೀನಿ," ಎನ್ನುತ್ತಾಳೆ ಪೈಪಕ್ಕ. ಹೊತ್ತೇರಿದಂತೆ ರೋಗಿಗಳ ಬಾಯಿಯೂ ಒಣಗುತ್ತದೆ, ತಾಳ್ಮೆಯೂ ಒಣಗುತ್ತದೆ. ಅದಕ್ಕೇ ಈ ತಿಂಗಳು ಕ್ಲಿನಿಕ್ ಬೇಗ ತೆರೆಯುವಂತೆ ಹಟ ಹಿಡಿದವಳೂ ಇವಳೇ. ದಿನಕ್ಕೆ ಹದಿನೈದು ಬಾಯಿಗಳಾದರೂ ಅವಳ ಕೈ ದಾಟಿ ಹೋಗುತ್ತವೆ. ಸಂಜೆ ಹೊತ್ತಿಗೆ ಮಣಿಕಟ್ಟು ಮಾತು ಕೇಳುವುದಿಲ್ಲ.

ಬುದ್ಧಿಮಾತು ಮಾತ್ರ ಪುಕ್ಕಟೆ. ಮೊದಲು ಬಂದವನು ಟೈಲರ್. ಅಳತೆ ತೆಗೆಯುವಾಗ ಗಿರಾಕಿಗಳು ಮುಖ ತಿರುಗಿಸುತ್ತಾರಂತೆ. "ಉಪವಾಸದವನ ಬಾಯಿವಾಸನೆ ದೇವರಿಗೆ ಕಸ್ತೂರಿಗಿಂತ ಪ್ರಿಯ ಅಂತಾರಲ್ಲಕ್ಕಾ," ಎಂದು ಅವನು ರಾಗ ಎಳೆಯುತ್ತಾನೆ.

"ಅದು ಹಸಿವಿನ ವಾಸನೆ ಕಣಪ್ಪ. ನಿಂದು ನಾಲಿಗೆ ಮೇಲಿನ ಕೊಳೆ. ಬೆಳಗಿನ ಜಾವ ಊಟ ಆದ್ಮೇಲೆ ಹಲ್ಲುಜ್ಜಿ ನಾಲಿಗೆ ಕೆರೀತೀಯಾ? ಸಂಜೆಯಿಂದ ಬೆಳಗಿನ ತನಕ ಆಗಾಗ ನೀರು ಕುಡೀತೀಯಾ? ಜಾವದ ಊಟಕ್ಕೆ ಹಸಿ ಈರುಳ್ಳಿ ಬಿಟ್ಟಿದ್ಯಾ?"

ಟೈಲರ್ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿಕೊಳ್ಳುತ್ತಾನೆ.

ಈ ಕ್ಲಿನಿಕ್ಕಿಗೆ ಅವಳು ಬಂದದ್ದು ನೆಲ ಒರೆಸಲು. ಗಂಡ ಸರಕಿನ ಗಾಡಿ ಓಡಿಸುತ್ತಾನೆ, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ನೋಡಿ ನೋಡಿಯೇ ಪೈಪು ಹಿಡಿಯುವುದನ್ನು ಕಲಿತಳು. ಮನೆಯಲ್ಲಿ ಮಾತ್ರ ಇದು ಯಾರಿಗೂ ಹಿಡಿಸಲಿಲ್ಲ. "ಕಂಡೋರ ಎಂಜಲು ಎಳೆಯೋದೂ ಒಂದು ಕೆಲಸಾನಾ?" ಎಂದು ಹಂಗಿಸುತ್ತಿದ್ದವರು ಮಾವ, ಹಳೆಯ ಗಾರೆ ಮೇಸ್ತ್ರಿ.

ಈ ವರ್ಷ ಉಪವಾಸ ಶುರುವಾದ ವಾರದಲ್ಲೇ ಮೇಸ್ತ್ರಿಯ ಕೆನ್ನೆ ಊದಿಕೊಂಡಿತು. ಕೀವು ದವಡೆಗಿಳಿದರೆ ಕಷ್ಟ, ಇವತ್ತೇ ಹಲ್ಲು ಕೊರೆದು ಅದನ್ನು ಹೊರಗೆ ಬಿಡಬೇಕು ಎಂದರು ಡಾಕ್ಟರಮ್ಮ. ಕಾಯಿಲೆಯವರಿಗೆ ವಿನಾಯಿತಿ ಉಂಟು, ಈ ಉಪವಾಸ ಆಮೇಲೆ ಹಿಡಿಯಬಹುದು ಎಂದೂ ಜನ ಹೇಳಿದರು. "ಹಲ್ಲುನೋವೂ ಒಂದು ಕಾಯಿಲೆನಾ? ಬುದ್ಧಿ ಬಂದಾಗಿಂದ ಒಂದೂ ಬಿಟ್ಟಿಲ್ಲ ನಾನು," ಎಂದು ಮುದುಕ ಹಲ್ಲು ಕಚ್ಚಿ ಕುಳಿತರು, ಅದೂ ಒಂದೇ ಬದಿಯಲ್ಲಿ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎನ್ನುತ್ತಾರೆ. ಮೇಸ್ತ್ರಿಯ ಮೂಗು ಹಿಡಿಯುವವರು ಯಾರು?

ಪೈಪಕ್ಕ ಹೇಗೋ ಒಪ್ಪಿಸಿ ಕುರ್ಚಿಯಲ್ಲಿ ಕೂರಿಸಿದಳು. ಸೂಜಿ ಕಂಡದ್ದೇ ಮಾವ ಅವಳ ಕೈ ಹಿಡಿದುಕೊಂಡರು. "ಬಾಯಿ ಮರಗಟ್ಟಿದ್ರೆ ನೀರು ಒಳಗೆ ಹೋಗಿದ್ದು ನಂಗೇ ಗೊತ್ತಾಗಲ್ವಲ್ಲೇ?"

"ನಂಗೆ ಗೊತ್ತಾಗುತ್ತೆ ಮಾವ," ಎಂದಳು ಸೊಸೆ.

ಮುದುಕ ಅವಳ ಕೈ ಬಿಟ್ಟು ಬಾಯಿ ತೆರೆದರು. ಯಂತ್ರ ಕೊರೆಯುತ್ತಿದ್ದಷ್ಟು ಹೊತ್ತೂ ಪೈಪಕ್ಕ ರೆಪ್ಪೆ ಮಿಟುಕಿಸಿದ್ದನ್ನು ಡಾಕ್ಟರಮ್ಮ ಕಾಣಲಿಲ್ಲವಂತೆ. ತುದಿ ನಾಲಿಗೆಯ ಬುಡದಲ್ಲಿ, ಕೆನ್ನೆಯ ಸಂದಿಯಲ್ಲಿ, ಮತ್ತೆ ನಾಲಿಗೆಯ ಬುಡದಲ್ಲಿ. ಕೀವು ಬಂತು, ನೀರು ಬಂತು, ಎಲ್ಲ ಪೈಪಿಗೇ ಹೋಯಿತು. "ಆವತ್ತು ನನ್ನ ಕೈ ತಪ್ಪಿದ್ರೆ ಅವರ ಜೀವಮಾನದ ಛಲಾನೇ ಮಣ್ಣುಪಾಲಾಗ್ತಿತ್ತು," ಎನ್ನುತ್ತಾಳೆ. ಸಂಜೆ ಎಲ್ಲರ ಜೊತೆ ಕುಳಿತು ಮೇಸ್ತ್ರಿ ಆ ದಿನದ ಉಪವಾಸ ಮುಗಿಸಿದರು.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಪರಿಚಿತ ದನಿ ಕೇಳಿಸಿತು. ಮಾವ ತಮ್ಮ ವಾರಿಗೆಯ ಮುದುಕನೊಬ್ಬನನ್ನು ರಟ್ಟೆ ಹಿಡಿದು ತಂದು ಕೂರಿಸಿದ್ದರು. ಅವನೂ ದವಡೆ ಒತ್ತಿಕೊಂಡು, ನೀರು ಒಳಗೆ ಹೋದರೆ ಏನು ಗತಿ ಎಂದು ಗೊಣಗುತ್ತಿದ್ದ.

"ಹೆದರ್ಬೇಡ ಕಣೋ," ಎಂದರು ಮೇಸ್ತ್ರಿ, ಬೀದಿಗೆಲ್ಲ ಕೇಳುವಂತೆ. "ಒಳಗೆ ಪೈಪು ಹಿಡಿಯೋಳು ನನ್ನ ಸೊಸೆ!"

ಇದನ್ನು ಹೇಳುವಾಗ ಪೈಪಕ್ಕನ ಕಣ್ಣು ತುಂಬುತ್ತದೆ, ನಗುವೂ ಬರುತ್ತದೆ. "ಡಾಕ್ಟರಮ್ಮನ ಮಾತೇ ಎತ್ತಲಿಲ್ಲ ನೋಡಿ."