ಕೋಟು ತೊಟ್ಟ ತೂಕ

ನಮ್ಮ ಮೇಲಿನ ಮನೆಯ ಸಾಹೇಬರು ಬೆಳಿಗ್ಗೆ ತೂಕ ನೋಡಿಕೊಳ್ಳದೆ ತಿಂಡಿಗೆ ಕೂರುವವರಲ್ಲ. ಚಪ್ಪಲಿ, ಕನ್ನಡಕ, ಕೈಗಡಿಯಾರ, ಜೇಬಿನ ಬೀಗದ ಕೈ ಎಲ್ಲವನ್ನೂ ತೆಗೆದಿಟ್ಟು, ಉಸಿರು ಬಿಗಿಹಿಡಿದು ಯಂತ್ರದ ಮೇಲೆ ನಿಲ್ಲುತ್ತಾರೆ. ಗುಲಗಂಜಿಯಷ್ಟು ಹೆಚ್ಚಾಗಿದ್ದರೂ ಆ ದಿನ ಬೆಣ್ಣೆ ಇಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ನಾದಿನಿ.

ಜಿಲ್ಲೆಯ ಮಕ್ಕಳು ಎಷ್ಟು ಕ್ಷೇಮವಾಗಿದ್ದಾರೆಂದು ಅಳೆದು ಸರಕಾರಕ್ಕೆ ತಿಳಿಸುವುದು ಸಾಹೇಬರ ನೌಕರಿ. ಶಾಲೆಯ ಮಕ್ಕಳನ್ನು ಮಾತ್ರ ಅವರು ಊಟವಾದ ಮೇಲೆ, ಬೂಟು ಕೋಟುಗಳ ಸಮೇತ ತೂಗಿಸುತ್ತಾರೆ. ಒಬ್ಬ ಟೀಚರ್ ಯಾಕೆಂದು ಕೇಳಿದ್ದಕ್ಕೆ, "ಚಳೀಲಿ ಮಕ್ಕಳ ಬಟ್ಟೆ ಬಿಚ್ಚಿಸ್ತೀರೇನ್ರೀ? ಕರುಣೆ ಬೇಡ್ವಾ?" ಎಂದರಂತೆ. ಈ ಕರುಣೆಯಿಂದಲೇ ನಮ್ಮ ಜಿಲ್ಲೆ ಪ್ರತಿ ಸಲ ಮೊದಲ ಸ್ಥಾನ ಹೊಡೆಯುತ್ತದೆ. ದೇವರು ಕ್ಷಮಿಸಲಿ, ಮೆಟ್ಟಿಲ ಮೇಲೆ ಎದುರಾದರೆ ನಮಸ್ಕಾರಕ್ಕೆ ನನ್ನ ಕೈ ಏಳುವುದಿಲ್ಲ.

ಸಾಹೇಬರ ಹೆಂಡತಿಯಾಗಿದ್ದ ತನ್ನ ಅಕ್ಕ ತೀರಿಕೊಂಡ ಮೇಲೂ ನಾದಿನಿ ಆ ಮನೆಗೆ ಬರುವುದು ಬಿಟ್ಟಿಲ್ಲ. ಹೋದ ಭಾನುವಾರ, ಆಗಷ್ಟೇ ಹೊರಗಿಂದ ಬಂದ ಸಾಹೇಬರ ಮಗಳನ್ನು ಅಪ್ಪಿಕೊಂಡರೆ ಕೋಟಿನೊಳಗೆ ಬರೀ ಎಲುಬು ಸಿಕ್ಕಿತಂತೆ.

"ಭಾವ, ಇವಳು ತಟ್ಟೆ ಮುಂದೆ ಕೂತು ತಿಂದ ಹಾಗೆ ನಾಟಕ ಆಡ್ತಾಳೆ. ಡಾಕ್ಟರಿಗೆ ತೋರಿಸೋಣ."

"ಊಟ ಬಿಡೋ ಹುಡುಗೀರು ನಮ್ಮ ಜಿಲ್ಲೇಲಿ ಇಲ್ಲಮ್ಮ. ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

"ನಿಮ್ಮ ಜಿಲ್ಲೆಗಿಷ್ಟು ಬೆಂಕಿ ಹಾಕ! ನಿಮ್ಮನೇಲೇ ಒಬ್ಬಳಿದಾಳೆ, ನೋಡಿ."

ಸಾಹೇಬರು ಎದ್ದುಹೋಗಿ ತೂಕದ ಯಂತ್ರ ತಂದು ನಡುಮನೆಯಲ್ಲಿಟ್ಟರು. "ಬಾ ಮಗಳೇ."

ಹುಡುಗಿ ತಾನಾಗಿಯೇ ಕೋಟಿನ ಗುಂಡಿಗೆ ಕೈ ಹಾಕಿದಳು.

"ಇರಲಿ ಇರಲಿ, ಚಳಿ," ಎಂದರು ಅಪ್ಪ. ಬೂಟು ಬಿಚ್ಚಲು ಬಗ್ಗಿದಳು. "ಅದೂ ಇರಲಿ."

ಮುಳ್ಳು ನಿಂತ ಕಡೆ ಕಣ್ಣು ಹಾಯಿಸುತ್ತಲೇ ಸಾಹೇಬರ ಮುಖ ಅರಳಿತು. "ನೋಡಿದ್ಯಾ? ಸುಮ್ನೆ ಗಾಬರಿ ಬೀಳಿಸ್ತೀಯ."

ನಾದಿನಿ ಹಲ್ಲು ಕಚ್ಚಿಕೊಂಡು ಕೊನೆಯ ಮಾತು ಆಡಿದಳು. "ಆಯ್ತು ಭಾವ. ಎರಡು ತಿಂಗಳು ನಮ್ಮನೆಗೆ ಕಳಿಸಿ. ಡಾಕ್ಟರ್ರು, ಊಟ, ಎಲ್ಲಾ ನಾನೇ ನೋಡ್ಕೋತೀನಿ. ಹೊರಗೆ ಒಂದು ಸೊಲ್ಲೂ ಹೋಗಲ್ಲ."

ಹುಡುಗಿ ಯಂತ್ರದ ಮೇಲಿಂದಲೇ ತಲೆಯೆತ್ತಿ ಅಪ್ಪನ ಮುಖ ನೋಡಿದಳು.

"ಛೆ ಛೆ, ನಿನಗ್ಯಾಕಮ್ಮ ಇಲ್ಲದ ತೊಂದ್ರೆ? ಮಗು ಚೆನ್ನಾಗೇ ಇದೆ," ಎಂದ ಸಾಹೇಬರು ಅವಳನ್ನು ಕೆಳಗಿಳಿಸಿ, ಬೆಳಿಗ್ಗೆಗೆ ಬೇಕಲ್ಲ ಎಂದು ಯಂತ್ರವನ್ನು ಜೋಪಾನವಾಗಿ ಒಳಗೆ ಒಯ್ದರು.