ನಾನಾ ಹಳ್ಳಿಗೆ ಹೋಗಿದ್ದಾರೆ

ಓವುರಾಕು ನಮ್ಮ ವಠಾರದ ಮೂಲೆಯ ಕೋಣೆಗೆ ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ನಮ್ಮೂರು ಅಸೆಂಪಾಸೊದ ಶಿಕ್ಷಕರ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಉದ್ದ ಕೈಕಾಲು, ಸಣ್ಣ ದನಿ, ಅಂಗಿಯ ತೋಳಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ತಿಂಗಳ ಕೊನೆಗೆ ಕಾಲೇಜಿನ ಮಂಡಳಿ ಕೂತು ಅವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಹೇಳಬೇಕಿತ್ತು. ಆ ಮಂಡಳಿಯಲ್ಲಿ ಊರ ದೊರೆಯ ಅರಮನೆಯದೂ ಒಂದು ಕುರ್ಚಿ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಗೆಯುವಾಗ ಅವನು ಫೋನನ್ನು ಕಲ್ಲಿನ ಮೇಲಿಟ್ಟು ಜೋರು ಮಾಡುತ್ತಿದ್ದ. ಇತಿಹಾಸದ ಹುಚ್ಚಿನವರದೊಂದು ವಾಟ್ಸಾಪ್ ಗುಂಪು. ಅಲ್ಲಿ ಬರೆಯುವವರು ಕಡಿಮೆ, ದನಿಯಲ್ಲೇ ಮಾತು ಕಳಿಸುವವರೇ ಎಲ್ಲ. ನಾನು ಬಾಳೆಕಾಯಿ ಸುಲಿಯುತ್ತಾ ಕೇಳುತ್ತಿದ್ದೆ. ಮುಖ ನೋಡದಿದ್ದರೂ ಒಬ್ಬೊಬ್ಬರೂ ನನಗೆ ನೆರೆಮನೆಯವರಂತಾಗಿದ್ದರು.

"ಮೇಷ್ಟ್ರೇ, ಈ ವಾರ ಕ್ಲಾಸಲ್ಲಿ ಎಷ್ಟು ಜನ ಗೊರಕೆ ಹೊಡೆದ್ರು?" ತಕೊರಾಡಿಯ ಟ್ಯಾಕ್ಸಿ ಡ್ರೈವರ್ ಫೀಫಿ ಹೀಗೇ ಶುರುಮಾಡುವುದು.

"ಹನ್ನೊಂದು ಜನ. ಹೋದ ವಾರ ಹದಿನಾಲ್ಕಿತ್ತು. ಸುಧಾರಿಸಿದೀನಿ."

"ಬರೀ ಇಸವಿ ಬರೆಸ್ತೀಯಲ್ಲಪ್ಪ, ಅದಕ್ಕೇ ಮಲಗ್ತಾರೆ," ಎನ್ನುತ್ತಿದ್ದರು ಕೇಪ್ ಕೋಸ್ಟಿನ ಎಕುವಾ ಮೇಡಂ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. "ಮನೇಲಿ ಅಜ್ಜೀನ ಒಂದು ವಿಷಯ ಕೇಳ್ಕೊಂಡು ಬನ್ನಿ ಅಂತ ಕಳ್ಸಿ ನೋಡು."

"ನಮ್ಮಜ್ಜೀನ ಕೇಳಿದ್ರೆ ಬೈಗುಳ ಬಿಟ್ಟು ಬೇರೇನೂ ಬರಲ್ಲ ಮೇಡಂ."

"ಅದೂ ಇತಿಹಾಸವೇ ಕಣೋ ಫೀಫಿ. ಯಾರಿಗೆ, ಯಾಕೆ ಬೈದ್ರು ಅಂತ ಬರ್ಕೋ."

ಓವುರಾಕು ಆ ಮಾತನ್ನು ಹಿಡಿದುಕೊಂಡ. ವಿದ್ಯಾರ್ಥಿಗಳನ್ನು ಮುದುಕರ ಹತ್ತಿರ ಅಟ್ಟಿದ, ತಾನು ನನ್ನ ಹತ್ತಿರ ಬಂದು ಕೂತ. ವಠಾರದ ಮಕ್ಕಳ ಹಾಗೆ ಅವನೂ ನನ್ನನ್ನು ನಾನಾ ಎಂದೇ ಕರೆಯುವುದು. ನಮ್ಮಲ್ಲಿ ಅಜ್ಜಿಯೂ ನಾನಾ, ಅಜ್ಜನೂ ನಾನಾ, ಊರ ದೊರೆಯೂ ನಾನಾ.

ಒಂದು ಶನಿವಾರ ಗುಂಪಿನಲ್ಲಿ ಯಾರೋ ಕೇಳಿದರು: ಹಿಂದೆ ದೊರೆ ತೀರಿಕೊಂಡರೆ ಸುದ್ದಿಯನ್ನು ಎಷ್ಟು ದಿನ ಮುಚ್ಚಿಡುತ್ತಿದ್ದರು? "ನಮ್ಮ ನಾನಾನ ಕೇಳಿ ಮುಂದಿನ ವಾರ ಹೇಳ್ತೀನಿ," ಎಂದ ಓವುರಾಕು. "ಅದು ಬಟ್ಟೆ ಒಗೀತಾ ಕೇಳೋ ಮಾತಲ್ಲ ಮಗಾ," ಎಂದೆ. ಮಂಗಳವಾರ ಕೋಕೋ ಕಾಯಿ ಒಡೆಯುವ ಕೆಲಸವಿತ್ತೆಂದು ನಮ್ಮ ತೋಟದ ಹಳ್ಳಿಗೆ ಹೋದೆ.

ಶನಿವಾರ ಮಧ್ಯಾಹ್ನ ವಾಪಸಾದಾಗ ಸಂತೆ ಅರ್ಧಕ್ಕೇ ಎದ್ದುಬಿಟ್ಟಿತ್ತು. ಹೊಗೆಮೀನು ಮಾರುವ ಸೆರ್ವಾ ವ್ಯಾಪಾರ ಬಿಟ್ಟು ಬುಟ್ಟಿಗೆ ಬಟ್ಟೆ ಬಿಗಿಯುತ್ತಿದ್ದಳು.

"ಏನೇ ಸೆರ್ವಾ, ಗಿರಾಕಿಗಳಿಗೆ ಹೆದರಿ ಓಡ್ತಿದೀಯಾ?"

ಅವಳು ನಗಲಿಲ್ಲ. "ಮೆಲ್ಲಗೆ ಮಾತಾಡಕ್ಕ. ನಿಮ್ಮನೆ ಮೇಷ್ಟ್ರು ಫೋನಲ್ಲಿ ಹೇಳಿದಾನಂತೆ. ನಾನಾ ಹಳ್ಳಿಗೆ ಹೋಗಿದ್ದಾರೆ ಅಂತ. ಎಲ್ಲರ ಫೋನಿಗೂ ಬಂದಿದೆ."

ನಾನು ಮನೆ ಕಡೆ ಬಿರುಸಾಗಿ ಹೆಜ್ಜೆ ಹಾಕಿದೆ. ದೊರೆ ಸತ್ತರು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ನಾನಾ ಹಳ್ಳಿಗೆ ಹೋಗಿದ್ದಾರೆ ಎನ್ನುತ್ತೇವೆ. ಅದನ್ನು ಹೇಳುವ ಹಕ್ಕು ಅರಮನೆಯದು. ಅರಮನೆಗಿಂತ ಮೊದಲು ಹೇಳಿದವನ ಗತಿ ಏನಾಗುತ್ತಿತ್ತು ಎಂದು ನಮ್ಮಜ್ಜಿ ಹೇಳುವಾಗ ಬಾಗಿಲು ಹಾಕಿಕೊಂಡು ಹೇಳುತ್ತಿದ್ದಳು. ಅದೂ ಅಲ್ಲದೆ, ದೊರೆಯನ್ನು ಕಂಡವರಿಲ್ಲದೆ ಮೂರು ವಾರವಾಗಿತ್ತು.

ಓವುರಾಕು ಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದ. ನನ್ನ ದನಿ ಕೇಳಿ ತೆಗೆದ. ತುಟಿ ಒಣಗಿ ಬೂದಿ ಬಣ್ಣವಾಗಿತ್ತು.

"ಏನು ಹೇಳಿದೆಯೋ?"

"ಫೀಫಿ ಕೇಳಿದ, ನಿಮ್ಮ ನಾನಾ ಏನಂದ್ರು ಅಂತ. ನೀವು ಊರಲ್ಲಿರಲಿಲ್ಲ. ನಾನಾ ಹಳ್ಳಿಗೆ ಹೋಗಿದ್ದಾರೆ ಅಂದೆ. ಅಷ್ಟೇ ನಾನಾ. ಬಕೆಟ್‌ಗೆ ನೀರು ತುಂಬ್ತಾ ಅಂದೆ. ಯಾರೋ ಅಷ್ಟನ್ನೇ ಕತ್ತರಿಸಿ ಊರಿಗೆಲ್ಲ ಕಳ್ಸಿದಾರೆ."

"ಇತಿಹಾಸದ ಮೇಷ್ಟ್ರು ನೀನು! ಆ ಮಾತು ನಿನ್ನ ಬಾಯಲ್ಲಿ ಹ್ಯಾಗೆ ಬಂತೋ?"

"ನಿಮ್ಮನ್ನೇ ನೆನೆಸ್ಕೊಂಡಿದ್ದೆ," ಎಂದ.

ಫೀಫಿ ಕೇಳಿದ ಪ್ರಶ್ನೆ ಗುಂಪಿನಲ್ಲಿ ಉಳಿದಿದ್ದರೆ, ನಾನಾ ಎಂದರೆ ನಾನೇ ಎಂಬುದಕ್ಕೆ ಸಾಕ್ಷಿಯಾಗುತ್ತಿತ್ತು. ಗುಂಪು ತೆರೆದು ತೋರಿಸಿದ. ಹೆದರಿದವರು ತಂತಮ್ಮ ಮಾತನ್ನೆಲ್ಲ ಅಳಿಸುತ್ತಿದ್ದರು. ನಾವು ನೋಡುತ್ತಿದ್ದಂತೆಯೇ ಎಕುವಾ ಮೇಡಂ ಮಾತು ಹೋಯಿತು. ಫೀಫಿಯದು ಆಗಲೇ ಹೋಗಿತ್ತು. ಓವುರಾಕು ಅವನಿಗೆ ಫೋನ್ ಮಾಡಿದ.

"ಫೀಫಿ, ನೀನು ಕೇಳಿದ್ದನ್ನ ಒಂದ್ಸಲ ಹೇಳಿಬಿಡೋ."

"ನಾನೇನೂ ಕೇಳಿಲ್ಲ ಮೇಷ್ಟ್ರೇ. ಹೆಂಡ್ತಿ ಮಕ್ಕಳಿರೋನು ನಾನು." ಕರೆ ಕಟ್ಟಾಯಿತು. ವಾರವಾರವೂ ಅಷ್ಟು ನಗಿಸುತ್ತಿದ್ದ ದನಿ ಅದೇ.

ಸಂಜೆಗೆ ಅರಮನೆಯಿಂದ ಇಬ್ಬರು ಹಿರಿಯರು ಬಂದರು. ಕೂರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ನಾಳೆ ಬೆಳಿಗ್ಗೆ ಬರಬೇಕು ಎಂದು ಹೇಳಿ ಹೋದರು. ನೀರು ಮುಟ್ಟದೆ ಹೋದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಓವುರಾಕು ಆ ಲೋಟವನ್ನೇ ನೋಡುತ್ತಾ ನಿಂತ. ಏನೂ ತಿಳಿಯದವನಾಗಿದ್ದರೆ ಒಂದು ತೂಕ ಕಡಿಮೆ ಹೆದರುತ್ತಿದ್ದನೋ ಏನೋ. ಹಿಂದೆ ಏನೇನಾಗಿತ್ತೆಂದು ಪಾಠ ಮಾಡಿದವನೇ ಅವನು.

ಬೆಳಿಗ್ಗೆ ನಾನೂ ಹೊರಟೆ. ಅರಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೆವು, ಅವನು ಮರ್ಯಾದೆಗೆ ಹೆಗಲ ಬಟ್ಟೆ ಇಳಿಸಿದ. ದೊರೆಯ ಪೀಠ ಖಾಲಿಯಿತ್ತು. ಅದರ ಪಕ್ಕದಲ್ಲಿ ದೊರೆಯ ಪರವಾಗಿ ಮಾತಾಡುವ ಒಕ್ಯಾಮೆ ಪದವಿಯ ಬಾದು ಕೋಲು ಹಿಡಿದು ಕೂತಿದ್ದರು. ಫೋನಿನಲ್ಲಿ ಓವುರಾಕುವಿನ ದನಿಯನ್ನು ಮೂರು ಸಲ ಹಾಕಿಸಿದರು. ನೀರು ಬೀಳುವ ಸದ್ದು, ಆಮೇಲೆ ಆ ಮಾತು.

"ಕಾಲೇಜಲ್ಲಿ ದೊಡ್ಡ ದೊಡ್ಡ ವಿಷಯ ಹೇಳ್ಕೊಡ್ತೀಯಂತೆ. ಇಷ್ಟು ಸಣ್ಣ ಮಾತು ಗೊತ್ತಿರಲಿಲ್ವೇನಪ್ಪ?"

ಓವುರಾಕು ಬಾಯಿ ತೆರೆದ.

ಅವನು ಮಾತಾಡುವ ಮೊದಲೇ ನಾನು ಮಂಡಿಯೂರಿದೆ. "ಒಕ್ಯಾಮೆ, ಅವನು ಹೇಳಿದ ನಾನಾ ನಾನೇ. ಮಂಗಳವಾರ ಕೋಕೋ ಒಡೆಯೋಕೆ ಹೋಗಿದ್ದೆ. ಕೈ ನೋಡಿ, ಕಲೆ ಇನ್ನೂ ಹೋಗಿಲ್ಲ. ದೊರೆಯವರಿಗೆ ನೂರು ವರ್ಷ ಆಯಸ್ಸಿರಲಿ. ಅವರೇ ಒಂದು ಮಾತು ಬೈದು ಕಳಿಸಿದ್ರೂ ಸಾಕು, ಊರಿನ ಬಾಯಿ ಮುಚ್ಚುತ್ತೆ."

ನಾನು ಬೇಕೆಂದು ಹಾಗೆ ಹೇಳಲಿಲ್ಲ. ಹೇಳಿದ ಮೇಲೆ ಆ ಚಾವಡಿಯಲ್ಲಿ ಯಾರೂ ಅಲುಗಾಡಲಿಲ್ಲ. ಒಳಗಿನ ಬಾಗಿಲು ಹಾಕಿತ್ತು. ಅದರ ಹಿಂದೆ ದೊರೆ ಕಾಯಿಲೆಯಿಂದ ಮಲಗಿದ್ದರೆ ಒಂದು ಕೆಮ್ಮು, ಒಂದು ಚಮಚೆಯ ಸದ್ದು ಕೇಳಬೇಕಿತ್ತು. ಒಕ್ಯಾಮೆ ಕೋಲನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡರು. ಅವರ ಕಣ್ಣು ಆ ಬಾಗಿಲಿಗೆ ಹೋಗಿ ಬಂತು. ದೊರೆ ನಿಜವಾಗಿಯೂ ಹಳ್ಳಿಗೆ ಹೋಗಿದ್ದಾರೆ ಎಂದು ನನಗೆ ಗೊತ್ತಾಯಿತು. ಓವುರಾಕುವಿನ ಬರಿ ಹೆಗಲ ಮೇಲೆ ಬೆವರು ಒಡೆದದ್ದು ಕಂಡು, ಅವನಿಗೂ ಗೊತ್ತಾಯಿತು ಎಂದು ತಿಳಿಯಿತು. ನಮಗಿಬ್ಬರಿಗೂ ಗೊತ್ತಾಗಿದೆ ಎಂದು ಒಕ್ಯಾಮೆಗೂ ತಿಳಿಯಿತು.

"ತಾಯಿ, ನೀವು ಹಳ್ಳಿಗೆ ಹೋಗಿ ವಾಪಸ್ ಬಂದಿದೀರಿ, ಅಲ್ವಾ?" ಎಂದರು ಬಹಳ ಮೆಲ್ಲಗೆ.

"ಬಂದಿದೀನಿ."

"ಹಾಗಾದ್ರೆ ಮೇಷ್ಟ್ರು ಅದನ್ನ ತಮ್ಮ ಗುಂಪಿಗೆ ಹೇಳಲಿ. ಈಗಲೇ ಹೇಳಲಿ, ನನ್ನ ಮುಂದೆ. ಯಾವ ನಾನಾ ಅಂತ ಬಿಡಿಸಿ ಹೇಳೋದು ಬೇಡ."

ಓವುರಾಕು ನನ್ನ ಮುಖ ನೋಡಿದ. ನನ್ನ ಪಾಲಿಗೆ ಅದು ನಿಜ. ಊರ ಪಾಲಿಗೆ ಅದು ಸುಳ್ಳು. ಹನ್ನೊಂದು ಜನ ಗೊರಕೆ ಹೊಡೆದರೂ ಇಲ್ಲದ್ದನ್ನು ಇದೆಯೆಂದು ಬರೆಸದವನು ಅವನು. ಫೋನನ್ನು ತುಟಿಯ ಹತ್ತಿರ ಹಿಡಿದು, "ನಾನಾ ಹಳ್ಳಿಯಿಂದ ವಾಪಸ್ ಬಂದಿದ್ದಾರೆ. ಚೆನ್ನಾಗಿದ್ದಾರೆ," ಎಂದ. ದನಿ ನಡುಗಿತೆಂದು ಒಕ್ಯಾಮೆ ಇನ್ನೊಮ್ಮೆ ಹೇಳಿಸಿದರು. ದಂಡಕ್ಕೆ ಒಂದು ಕುರಿ, ಎರಡು ಶೀಸೆ ಜಿನ್ ಎಂದು ಮುಗಿಸಿದರು.

ತಿಂಗಳ ಕೊನೆಗೆ ಅವನ ಕೆಲಸ ಕಾಯಂ ಆಯಿತು. ಅರಮನೆಯವರು ಅಡ್ಡಿ ಹೇಳಲಿಲ್ಲವಂತೆ. ಆ ಕಾಗದವನ್ನು ಅವನು ಯಾರಿಗೂ ತೋರಿಸಲಿಲ್ಲ. ಬೀದಿಯಲ್ಲಿ ಅರಮನೆಯವರು ಕಂಡರೆ ಅವನೂ ದಾರಿ ಬದಲಿಸುತ್ತಿದ್ದ, ನಾನೂ ಬದಲಿಸುತ್ತಿದ್ದೆ. ಅದಾಗಿ ಏಳು ವಾರಕ್ಕೆ, ನಾನಾ ಹಳ್ಳಿಗೆ ಹೋಗಿದ್ದಾರೆ ಎಂದು ಅರಮನೆಯವರೇ ದೊಡ್ಡ ನಗಾರಿ ಬಾರಿಸಿದರು. ಊರೆಲ್ಲ ಸೂತಕದ ಕೆಂಪು, ಕಪ್ಪು ಉಟ್ಟಿತು.

ಆ ಶನಿವಾರ ಗುಂಪಿಗೆ ಮತ್ತೆ ಜೀವ ಬಂತು. "ಮೇಷ್ಟ್ರೇ, ಕೋಪ ಇಲ್ಲ ತಾನೇ?" ಎಂದ ಫೀಫಿ. "ನಿಮ್ಮೂರ ದೊರೆ ಹಳ್ಳಿಗೆ ಹೋಗಿದ್ದು ಯಾವತ್ತು ಅಂತ ಬರ್ಕೊಳ್ಳಲಿ?"

ಓವುರಾಕುವಿನ ಕೈ ಸಾಬೂನು ನೀರಿನಲ್ಲೇ ನಿಂತಿತು. ಗೇಟಿನ ಕಡೆ ಒಮ್ಮೆ ನೋಡಿದ. ಆಮೇಲೆ ನಗಾರಿ ಬಾರಿಸಿದ ದಿನವನ್ನು ಹೇಳಿದ, ತಿಂಗಳು, ಇಸವಿ ಸಮೇತ, ಕ್ಲಾಸಿನಲ್ಲಿ ಬರೆಸುವಷ್ಟು ನಿಧಾನವಾಗಿ. ಫೋನನ್ನು ಒರೆಸಿ ಕೋಣೆಯೊಳಗಿಟ್ಟು ಬಂದು, ಒಗೆದ ಅಂಗಿಯನ್ನೇ ಮತ್ತೆ ಒಗೆಯತೊಡಗಿದ.