ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಿದವನು

ಶುರುವಾಗಿದ್ದು ಬಸ್ಸಿನಲ್ಲಿ. ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಹೋಗುತ್ತಿದ್ದೆ. ಹಿಂದಿನ ಸೀಟಿನಿಂದ ಯಾರೋ ನನ್ನ ಹೆಸರು ಹಿಡಿದು ಬೈದರು. ತಿರುಗಿದೆ. ಅಲ್ಲಿ ಒಂದು ಹಲಸಿನ ಹಣ್ಣು ಕೂತಿತ್ತು. ಅದರ ಜೊತೆಗೇ ಜಗಳಕ್ಕೆ ನಿಂತೆ. ಕಂಡಕ್ಟರ್ ನನ್ನನ್ನು ಇಳಿಸಿದ, ಹಣ್ಣನ್ನು ಇಳಿಸಲಿಲ್ಲ.

ರಾಮನಗರದ ಡಾಕ್ಟರಮ್ಮ ಸ್ಕಿಜೋಫ್ರೇನಿಯಾ ಅಂದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೂವತ್ತೈದು ತೆಗೆದವನಿಗೆ ಅಷ್ಟುದ್ದದ ಕಾಯಿಲೆ!

"ತುಂಬಾ ವರ್ಷ ಮಾತ್ರೆ ತಗೋಬೇಕಾಗುತ್ತೆ. ಚೆನ್ನಾಗಿದ್ದೀನಿ ಅನ್ನಿಸಿದಾಗಲೂ," ಅಂದರು.

ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ಮಾತ್ರ ನಾನು ಫಸ್ಟ್ ಕ್ಲಾಸ್.

ಕೆಲವು ವಾರಗಳಲ್ಲಿ ದನಿಗಳು ತಣ್ಣಗಾದವು. ಆದರೆ ನಾನೂ ತಣ್ಣಗಾದೆ. ಪ್ಯಾಂಟು ಸೊಂಟಕ್ಕೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕೆ ಬೆಳಗಿನ ಸೊಪ್ಪು ಹಾಕುವುದು ನನ್ನ ಕೆಲಸ. ಒಂದು ದಿನ ಸೊಪ್ಪಿನ ರಾಶಿಯ ಮೇಲೇ ಗೊರಕೆ ಹೊಡೆದೆ. ಅವ್ವ ಒಂದು ಕ್ಷಣ ತಡೆಯದಿದ್ದರೆ ಸೊಪ್ಪಿನ ಜೊತೆ ನನ್ನನ್ನೂ ಕತ್ತರಿಸಿ ಹುಳಕ್ಕೆ ಹಾಕುತ್ತಿದ್ದಳು.

ಅವತ್ತಿನಿಂದ ಯಾರಿಗೂ ಹೇಳದೆ ಮಾತ್ರೆಯನ್ನು ಬಚ್ಚಲಿಗೆ ಉಗಿದೆ.

ಹತ್ತು ದಿನ ರಾಜನಂತಿದ್ದೆ. ಡಾಕ್ಟರಿಗಿಂತ ನಾನೇ ಬುದ್ಧಿವಂತ ಅನ್ನಿಸಿತು. ಆಮೇಲೆ ಹುಳಗಳು ಮಾತಾಡಿದವು.

ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಒಂದು ದಿನ ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ, ತಿನ್ನುವುದಿಲ್ಲ. ಇದನ್ನು ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ಸೊಪ್ಪು ಹಾಕಬಾರದೆಂದು ನಮ್ಮೂರಿನ ಕೋಳಿಗೂ ಗೊತ್ತು. ಅವು ಮೂರನೇ ಜ್ವರಕ್ಕೆ ಕೂತಿದ್ದವು. ಅವ್ವ ಊರಲ್ಲಿರಲಿಲ್ಲ. ಒಂದೊಂದು ಹುಳದ ತಟ್ಟೆಯಿಂದಲೂ "ಹಸಿವು, ಹಸಿವು" ಅಂತ ಕೇಳಿಸಿತು. ಮದುವೆ ಊಟ ಬಡಿಸುವವನ ಹಾಗೆ "ಇನ್ನೊಂಚೂರು ಹಾಕ್ಕೊಳ್ಳಿ" ಅಂತ ಹೊರೆಗಟ್ಟಲೆ ಸುರಿದೆ. ಬೇಗ ಪೊರೆ ಬಿಟ್ಟು ಎದ್ದ ಹುಳಗಳು ತಿಂದು ದಪ್ಪಗಾದವು. ಏಳದವು ಸೊಪ್ಪಿನಡಿ ಕೊಳೆತವು.

ಅರ್ಧ ಬೆಳೆ ಹೋಯಿತು.

ಸೋದರಮಾವ ಬಂದು ತಟ್ಟೆ ನೋಡಿದ. "ಇವುನ್ನ ಇನ್ಮ್ಯಾಕೆ ಒಳಕ್ಕೆ ಬುಡ್ಬ್ಯಾಡ ಕಣಕ್ಕ," ಅಂದ. ಅವ್ವ ಹುಳದ ಮನೆಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡಳು. ಊರವರು ಹುಚ್ಚ ಅಂದಾಗೆಲ್ಲ ಹಲ್ಲು ಕಿರಿದವನು ನಾನು. ಅವತ್ತು ಅತ್ತುಬಿಟ್ಟೆ. ಆ ಬಾಗಿಲೊಳಗೆ ಹೋಗದಿದ್ದರೆ ನಾನು ಆ ಮನೆಯಲ್ಲಿ ಉಣ್ಣುವವನು ಮಾತ್ರ, ಬೇರೇನೂ ಅಲ್ಲ.

ರಾಮನಗರಕ್ಕೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ.

"ಯಾಕೆ ಬಿಟ್ಟೆ?"

"ನಿದ್ದೆ ಮೇಡಂ. ಹುಳ ಎದ್ದಿರ್ತವೆ, ನಾನ್ ಎದ್ದಿರಲ್ಲ."

ನಕ್ಕರು. ಆಮೇಲೆ ಚೆನ್ನಾಗಿ ಬೈದರು. "ಅದನ್ನ ನನಗೆ ಹೇಳಬೇಕು ತಾನೆ? ಬಚ್ಚಲಿಗೆ ಹೇಳಿದ್ರೆ ಅದು ಡೋಸ್ ಬದಲಾಯಿಸುತ್ತಾ?"

ಬ್ಲಡ್ ಟೆಸ್ಟ್ ಮಾಡಿಸಿ, ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸಿದರು. ಸಂಜೆ ಬೇಗ ಉಂಡು ನುಂಗು ಅಂದರು.

ಅವ್ವನಿಗೆ ಹೇಳಿದೆ, "ನಿನ್ ಎದುರ್‌ಗೇ ನುಂಗ್ತೀನಿ. ಬಾಯ್ ತೆಗ್ದು ತೋರಿಸ್ತೀನಿ."

"ನಿನ್ ಬಾಯ್ ನೋಡಿ ನಾನೇನ್ಲಾ ಮಾಡ್ಲಿ? ನೆಟ್ಟಗೆ ನುಂಗು, ಸಾಕು."

ಒಂದು ಬೆಳೆ ಪೂರ್ತಿ ಬಾಗಿಲಾಚೆಯೇ ಸೊಪ್ಪು ಹೊತ್ತೆ. ಮುಂದಿನ ಬೆಳೆಗೆ ಅವಳಾಗಿಯೇ ಒಳಗೆ ಕರೆದಳು. ಹುಳ ಜ್ವರಕ್ಕೆ ಕೂತಾಗ ಎರಡೂ ಕೈ ಜೇಬಿಗಿಟ್ಟುಕೊಂಡು ನಿಂತೆ. ಗೂಡು ಚೆನ್ನಾಗಿ ಕಟ್ಟಿದವು.

ಮೊನ್ನೆ ಸಂಜೆ ಮಾವ ಬಂದ. ಗೂಡು ಕೈಯಲ್ಲಿ ಹಿಡಿದು ಅದುಮಿ ನೋಡಿದ. ಅವನಿಗೆ ಖುಷಿಯಾಯಿತು. ಊಟಕ್ಕೆ ಕೂತಾಗ ಮೆಲ್ಲಗೆ ಅಂದ:

"ಈಗ ಸರಿಯಾಗಿದ್ದೀಯಲ್ಲ, ಆ ಮಾತ್ರೆ ಬುಟ್ಟಾಕ್ಲಾ."

"ಅದ್ರಿಂದ್ಲೇ ಸರಿಯಾಗಿರೋದು ಮಾವ. ಬುಡಲ್ಲ."

"ಹೆಣ್ಣ್ ಕೊಡೋರು ಏನಂದಾರು? ಜನ ಹುಚ್ಚ ಅಂತಾರೆ ಕಣ್ಲಾ!"

"ಮಾತ್ರೆ ತಗೊಳ್ಳೋ ಹುಚ್ಚ ಅನ್ಲಿ. ಅರ್ಧ ಹೆಸರು ಹೇಳಿದ್ರೆ ನಾನ್ ತಿರುಗಲ್ಲ."

ಅವ್ವ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ, ನಾನು ಕೇಳಲು ಹೋಗಲಿಲ್ಲ.

ಮಾತ್ರೆಯ ದೆಸೆಯಿಂದ ಕೈ ಒಸಿ ನಡುಗುತ್ತದೆ. ದನಿಗಳೂ ಯಾವಾಗಲಾದರೂ ದೂರದಲ್ಲಿ ಕೆಮ್ಮುತ್ತವೆ. ನಾನು ಓಗೊಡುವುದಿಲ್ಲ. ನಾಳೆ ಹೇಗೋ ಗೊತ್ತಿಲ್ಲ. ಅವತ್ತಿನ ಮಾತ್ರೆ ಅಂಗೈಯಲ್ಲಿತ್ತು.

"ಮಾವ, ಆ ನೀರಿನ ಚೊಂಬು ಇತ್ತ ಕೊಡು," ಅಂದೆ.

ಗೊಣಗಿದ. ಆದರೆ ಚೊಂಬು ಕೊಟ್ಟ.